ಸರಸ್ವತಿಪುರಂ ಮಹಡಿಯ ಕೇಳುವ ತರಗತಿ: ಈ ಸಲ ಚೆಕ್ ಸಂಗೀತ

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಹಳೇ ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ ಸಂಗೀತ ಕೇಳುವ ತರಗತಿ ನಡೆಯುತ್ತದೆ. ಹಾಡೋದು, ನುಡಿಸೋದು ಇಲ್ಲಿ ಕಲಿಸುವುದಿಲ್ಲ. ಕೇಳುವುದನ್ನು ಕಲಿಸುತ್ತಾರೆ. ಪ್ರತಿ ಬ್ಯಾಚಿಗೂ ಒಂದು ನಾಡನ್ನು ಹಿಡಿದುಕೊಂಡು, ಅಲ್ಲಿನ ಹಳೇ ಹಾಡಿನಿಂದ ನಮ್ಮ ಕಾಲದವರೆಗೆ ಎಂಟು ಭಾನುವಾರ ಕೇಳಿಸುತ್ತಾರೆ. ಈ ಸಲದ್ದು ಚೆಕ್ ನಾಡು. ನಾನು ಮಂಡ್ಯದಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ಕೋರ್ಸು ಪೂರ್ತಿ ಮುಗಿಸಿ ಬಂದ ಮೇಲೆ ಪರಿಚಯದವರೆಲ್ಲ ಹೇಗಿತ್ತು, ಸೇರಬಹುದಾ ಅಂತ ಕೇಳುತ್ತಿದ್ದಾರೆ. ಸೇರಿ. ಕರ್ನಾಟಕ ಸಂಗೀತ ಬಿಟ್ಟು ಬೇರೆ ಏನೂ ಕೇಳದವರಂತೂ ಖಂಡಿತ ಸೇರಿ. ಕೊರತೆಗಳೂ ಇವೆ, ಅವನ್ನೂ ಹೇಳುತ್ತೇನೆ.

ನಡೆಸುವವರು ಗಂಡ ಹೆಂಡತಿ. ಗಂಡ ನಿವೃತ್ತ ಫಿಸಿಕ್ಸ್ ಮೇಷ್ಟ್ರು, ಹೆಂಡತಿ ವೀಣೆ ಕಲಿತವರು. ಹಳೇ ಎಲ್‌ಪಿ ರೆಕಾರ್ಡುಗಳು ಗೋಡೆ ತುಂಬ ಇವೆ. ಚೆಕ್ ಕಂಪನಿ ಸುಪ್ರಾಫೋನ್‌ನ ರೆಕಾರ್ಡುಗಳೇ ಒಂದು ಸಾಲು. ಒಳ್ಳೆಯ ಟರ್ನ್‌ಟೇಬಲ್, ಎರಡು ದೊಡ್ಡ ಸ್ಪೀಕರ್. ಕರೆಂಟು ಹೋದರೆ ಇನ್ವರ್ಟರ್ ಇದೆ, ಆದರೆ ಬದಲಾಗುವ ಹೊತ್ತಿನಲ್ಲಿ ರೆಕಾರ್ಡು ಒಂದು ಕ್ಷಣ ಎಳೆದ ಹಾಗೆ ಕೇಳುತ್ತದೆ. ಫೀಸು ಎಂಟು ಭಾನುವಾರಕ್ಕೆ ಸೇರಿ 1,800 ರೂಪಾಯಿ, ವಿದ್ಯಾರ್ಥಿಗಳಿಗೆ ಅರ್ಧ. ಬೆಳಿಗ್ಗೆ 10ಕ್ಕೆ ಶುರು, ಮಧ್ಯಾಹ್ನ 12.30ಕ್ಕೆ ಮುಗಿಯುತ್ತದೆ. ನಡುವೆ ಕಾಫಿ. ಮಂಡ್ಯದಿಂದ ರೈಲಿನಲ್ಲಿ ಬರುವವರಿಗೆ ಈ ಹೊತ್ತು ಅನುಕೂಲ. ಸ್ಟೇಷನ್ನಿನಿಂದ ಆಟೋ ಹಿಡಿದರೆ ಬೇಗ ತಲುಪಬಹುದು. ಮೆಟ್ಟಿಲು ಮಾತ್ರ ಕಡಿದು, ಕೈಹಿಡಿ ಒಂದೇ ಕಡೆ ಇದೆ. ಮಂಡಿ ನೋವಿರುವವರು ಮೊದಲೇ ಫೋನ್ ಮಾಡಿ ಹೇಳಿದರೆ ಕೆಳಗಿನ ಹಾಲಿನಲ್ಲಿ ವ್ಯವಸ್ಥೆ ಮಾಡುತ್ತಾರೆ.

ಅವರ ಕ್ರಮ ನನಗೆ ತುಂಬ ಹಿಡಿಸಿತು. ಮೊದಲು ಏನೂ ಹೇಳದೆ ಕೇಳಿಸುತ್ತಾರೆ. ಆಮೇಲೆ ಮಾತು. ಆಮೇಲೆ ಅದನ್ನೇ ಇನ್ನೊಂದು ಸಲ ಕೇಳಿಸುತ್ತಾರೆ. ಎರಡನೇ ಸಲ ಕೇಳುವಾಗ ಮೊಬೈಲ್ ಬುಟ್ಟಿಯಲ್ಲಿ ಇಟ್ಟಿರಬೇಕು. ನೋಟ್ಸು ಕನ್ನಡದಲ್ಲೇ ಇದೆ. ಸ್ವರಗಳನ್ನು ಸರಿಗಮದಲ್ಲಿ ಬರೆದಿದ್ದಾರೆ. ಪಾಶ್ಚಾತ್ಯ ಸ್ವರಲಿಪಿ ಬರದಿದ್ದರೂ ಏನೂ ತೊಂದರೆ ಇಲ್ಲ.

ಮೊದಲನೇ ಭಾನುವಾರ ಸಾವಿರ ವರ್ಷ ಹಳೇ ಹಾಡು ಕೇಳಿದೆವು. ‘ಹೊಸ್ಪೊದಿನೆ ಪೊಮಿಲುಯ್ ನಿ’, ಅಂದರೆ ದೇವರೇ ನಮ್ಮನ್ನು ಕರುಣಿಸು ಅಂತ. ಚೆಕ್ ನಾಡಿನಲ್ಲಿ ಸಿಕ್ಕಿರುವ ಹಾಡುಗಳಲ್ಲೆಲ್ಲ ಹಳೆಯದು ಇದೇ. ಹತ್ತನೇ ಶತಮಾನದ ಕೊನೆ ಅಥವಾ ಹನ್ನೊಂದನೆಯದರ ಮೊದಲಿನದು ಅನ್ನುತ್ತಾರೆ. ವಾದ್ಯ ಇಲ್ಲ, ಜೊತೆ ಸ್ವರ ಇಲ್ಲ, ಒಂದೇ ಎಳೆಯ ಹಾಡು. ಎಲ್ಲ ಸ್ವರವೂ ಕೈಗೆ ಸಿಗುವಷ್ಟು ಹತ್ತಿರ ಹತ್ತಿರ ಇವೆ. ಪಿಟೀಲಿನಲ್ಲಿ ನುಡಿಸಿ ನೋಡಿದೆ, ಕೈ ಜಾಗ ಬದಲಿಸದೆಯೇ ಮುಗಿಯಿತು. ಯುರೋಪಿನ ಸುಮಾರು ಎಲ್ಲ ಕಡೆ ಚರ್ಚಿನಲ್ಲಿ ಲ್ಯಾಟಿನ್ ಇದ್ದ ಕಾಲಕ್ಕೆ ಇಲ್ಲಿ ಜನರ ನುಡಿಗೆ ಹತ್ತಿರದ ಸ್ಲಾವ್ ಮಾತಿನಲ್ಲಿ ಹಾಡು ಹೇಗೆ ಬಂತು? 863ರಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಅನ್ನುವ ಇಬ್ಬರು ಅಣ್ಣ ತಮ್ಮಂದಿರು ಚೆಕ್ ನಾಡಿನ ಪೂರ್ವ ಭಾಗವಾದ ಮೊರಾವಿಯಾಕ್ಕೆ ಬಂದು ಸ್ಲಾವ್ ಮಾತಿನಲ್ಲೇ ಪೂಜೆ ನಡೆಸಿದ್ದರಲ್ಲ, ಆ ಬೇರು ಇದು. ಹನ್ನೆರಡನೇ ಶತಮಾನದ ‘ಸ್ವತಿ ವಾತ್ಸ್ಲವೆ’ ಅನ್ನುವ ಇನ್ನೊಂದು ಹಾಡನ್ನು ಅಲ್ಲಿನ ಚರ್ಚುಗಳಲ್ಲಿ ಇವತ್ತಿಗೂ ಹಾಡುತ್ತಾರೆ.

ಅದೇ ದಿನ ಕೇಳಿಸಿದ ಮೂರನೇ ಹಾಡನ್ನು ಮೇಷ್ಟ್ರು ಇಡೀ ಕೋರ್ಸಿಗೆ ದಾರದ ಹಾಗೆ ಬಳಸಿದರು. ‘ಕ್ತೊಝ್ ಯ್ಸೂ ಬೊಝಿ ಬೊಯೊವ್ನಿತ್ಸಿ’. ದೇವರ ಸೈನಿಕರು ಯಾರೋ ಅವರೆಲ್ಲ ಬನ್ನಿ ಅಂತ ಕರೆಯುವ ಹಾಡು. ಯಾನ್ ಹುಸ್ ಅನ್ನುವ ಧರ್ಮಬೋಧಕನನ್ನು 1415ರಲ್ಲಿ ಕಾನ್‌ಸ್ಟನ್ಸ್ ಊರಿನಲ್ಲಿ ಸುಟ್ಟರು. ಅವನ ಕಡೆಯವರು ಎದ್ದು ನಿಂತರು. ಅವರ ಹಾಡುಗಳು ಯಿಸ್ತೆಬ್ನಿತ್ಸೆ ಅನ್ನುವ ಊರಿನಲ್ಲಿ ಸಿಕ್ಕ ಹಸ್ತಪ್ರತಿಯಲ್ಲಿ ಉಳಿದಿವೆ. 1431ರಲ್ಲಿ ದೊಮಾಝ್‌ಲಿತ್ಸೆ ಹತ್ತಿರ ಎದುರು ಸೈನ್ಯ ಈ ಹಾಡು ದೂರದಿಂದ ಕೇಳಿಯೇ ಓಡಿಹೋಯಿತು ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಹಾಡನ್ನು ಕೇಳಿದರೆ ಆ ಮಾತನ್ನು ನಂಬಬೇಕು ಅನ್ನಿಸುತ್ತದೆ. ಗಮಕ, ಅಲಂಕಾರ ಒಂದೂ ಇಲ್ಲ. ಹೆಜ್ಜೆ ಹಾಕುತ್ತಾ ಸಾವಿರಾರು ಜನ ಒಟ್ಟಿಗೆ ಹಾಡಬಹುದಾದ ಹಾಡು. ಸ್ವರಗಳು ಗಟ್ಟಿಯಾಗಿ ಒಂದರ ಪಕ್ಕ ಒಂದು ಕೂತಿವೆ.

ಹುಸ್ ಕಡೆಯವರಿಗೆ ಚರ್ಚಿನಲ್ಲಿ ಆಡಂಬರದ ಸಂಗೀತ ಬೇಡವಾಗಿತ್ತು. ಹಾಗಾಗಿ ಹಾಡುವ ಕೆಲಸ ಊರಿನವರ ಕೈಗೆ ಬಂತು. ಬಟ್ಟೆ ವ್ಯಾಪಾರಿ, ಚಮ್ಮಾರ, ಬಡಗಿ, ಎಲ್ಲ ಸೇರಿ ಹಾಡುವ ಕೂಟಗಳು ಪೇಟೆ ಪೇಟೆಯಲ್ಲೂ ಇದ್ದವು. ನಮ್ಮ ಮಂಡ್ಯ ಕಡೆಯ ಹಳ್ಳಿಗಳ ರಾಮಮಂದಿರದಲ್ಲಿ ಶನಿವಾರ ಕೂರುವ ಭಜನೆ ಮಂಡಳಿಗಳೇ ನನ್ನ ಕಣ್ಣ ಮುಂದೆ ಬಂದವು. ವ್ಯತ್ಯಾಸ ಒಂದೇ. ಆ ಕೂಟಗಳು ತಮಗಾಗಿ ಚಿತ್ರ ಬಿಡಿಸಿದ ದೊಡ್ಡ ದೊಡ್ಡ ಹಾಡಿನ ಪುಸ್ತಕ ಬರೆಸಿಟ್ಟಿವೆ. ಅದಕ್ಕೇ ಇವತ್ತು ನಾವು ಕೇಳಲು ಆಗುತ್ತಿದೆ.

ಎರಡನೇ ಭಾನುವಾರ ಸ್ವಲ್ಪ ಓಟ. ಚಕ್ರವರ್ತಿ ಎರಡನೇ ರುಡಾಲ್ಫ್ 1583ರಲ್ಲಿ ಆಸ್ಥಾನವನ್ನು ಪ್ರಾಗ್‌ಗೆ ತಂದ. ಒಳ್ಳೊಳ್ಳೆ ಹಾಡುಗಾರರು, ವಾದ್ಯಗಾರರು ಬಂದರು. ಅಲ್ಲಿದ್ದವನೇ ಕ್ರಿಶ್ತೊಫ್ ಹರಂತ್. ಜಮೀನ್ದಾರ, ಸೈನಿಕ, ಸಂಗೀತಗಾರ. 1598ರಲ್ಲಿ ಜೆರುಸಲೇಮ್, ಈಜಿಪ್ಟ್ ಸುತ್ತಿ ಬಂದು ಪ್ರವಾಸದ ಪುಸ್ತಕ ಬರೆದ. ಐದು ಕಂಠದ ಅವನ ಒಂದು ಮಾಸ್ ಕೇಳಿದೆವು. ಪ್ರಾರ್ಥನೆಯ ಆ ದೊಡ್ಡ ಕೃತಿಯನ್ನು ಅವರು ಹಾಗೆ ಕರೆಯುತ್ತಾರೆ. ಒಂದು ಕಂಠ ಶುರು ಮಾಡಿದ್ದನ್ನು ಇನ್ನೊಂದು ಎತ್ತಿಕೊಳ್ಳುವ ರೀತಿ ಬಹಳ ಚೆನ್ನ. 1620ರಲ್ಲಿ ಬಿಳಿ ಬೆಟ್ಟದ ಯುದ್ಧದಲ್ಲಿ ಚೆಕ್ ಪ್ರಾಟೆಸ್ಟಂಟರು ಕ್ಯಾಥೊಲಿಕ್ ಚಕ್ರವರ್ತಿಯ ಸೈನ್ಯಕ್ಕೆ ಸೋತರು. 1621ರ ಜೂನ್ 21ರಂದು ಪ್ರಾಗ್‌ನ ಹಳೇ ಪೇಟೆ ಚೌಕದಲ್ಲಿ 27 ಜನರನ್ನು ಕೊಂದರು. ಅವರಲ್ಲಿ ಹರಂತನೂ ಒಬ್ಬ.

ಅಲ್ಲಿಂದ ಮುಂದೆ ಆ ನಾಡಿಗೆ ತನ್ನದೇ ಅನ್ನುವ ದೊಡ್ಡ ಆಸ್ಥಾನ ಇರಲಿಲ್ಲ. ಅಧಿಕಾರ ವಿಯೆನ್ನಾದಲ್ಲಿ. ಸಂಗೀತಗಾರರು ಕೆಲಸ ಹುಡುಕಿಕೊಂಡು ಹೊರಗೆ ಹೊರಟರು. ಮಿಖ್ನಾ ಅನ್ನುವವರು ಮಾತ್ರ ತನ್ನೂರು ಯಿಂದ್ರಿಖೂವ್ ಹ್ರದೆತ್ಸ್‌ನಲ್ಲೇ ಇದ್ದು ಚೆಕ್ ಮಾತಿನಲ್ಲಿ ಹಾಡು ಕಟ್ಟಿದರು. 1647ರ ಅವರ ಪುಸ್ತಕದಲ್ಲಿ ಮೇರಿ ತಾಯಿ ಮಗುವನ್ನು ಮಲಗಿಸುವ ಒಂದು ಲಾಲಿ ಇದೆ. ಚೆಕ್ ಮನೆಗಳಲ್ಲಿ ಈಗಲೂ ಕ್ರಿಸ್ಮಸ್‌ಗೆ ಹಾಡುತ್ತಾರಂತೆ. ತರಗತಿಯಲ್ಲಿ ಮೇಷ್ಟ್ರ ಹೆಂಡತಿ, ನಾವು ‘ಅಮ್ಮ’ ಅನ್ನುವವರು, ಅದನ್ನು ಒಂದು ಸಲ ವೀಣೆಯಲ್ಲೂ ನುಡಿಸಿದರು. ಜೆಲೆಂಕಾ ಅನ್ನುವ ಇನ್ನೊಬ್ಬರು ಡ್ರೆಸ್ಡನ್ ಆಸ್ಥಾನದಲ್ಲಿ ದೊಡ್ಡ ಬಾಸ್ ಪಿಟೀಲು ನುಡಿಸುತ್ತಿದ್ದರು. ಬಾಖ್‌ನಂಥವನೇ ಮೆಚ್ಚಿದ ಸಂಗೀತ ಬರೆದರೂ ಅಲ್ಲಿನ ಮುಖ್ಯಸ್ಥನ ಜಾಗ ಅವರಿಗೆ ಸಿಗಲಿಲ್ಲ. ಅವರಿಗೆ ಅರ್ಧ ಗಂಟೆ ಸಾಲದು. ಇನ್ನೂ ಕೊಡಬೇಕಿತ್ತು.

ಮೂರನೇ ಭಾನುವಾರ ನನ್ನದು. ಹಾಗೇ ಹೇಳುತ್ತೇನೆ, ಯಾಕಂದ್ರೆ ಅದು ಹಳ್ಳಿ ಮೇಷ್ಟ್ರುಗಳ ದಿನ.

ಚಾರ್ಲ್ಸ್ ಬರ್ನಿ ಅನ್ನುವ ಇಂಗ್ಲಿಷ್ ಸಂಗೀತಗಾರ 1772ರಲ್ಲಿ ಆ ನಾಡಿನ ಮೂಲಕ ಗಾಡಿಯಲ್ಲಿ ಹೋಗುತ್ತಾನೆ. ಚೆಕ್ ನಾಡಿನ ಪಶ್ಚಿಮ ಭಾಗವಾದ ಬೊಹೆಮಿಯಾದವರಿಗೆ ಸಂಗೀತ ಇಷ್ಟು ಚೆನ್ನಾಗಿ ಹೇಗೆ ಬರುತ್ತದೆ ಅಂತ ತಿಳಿಯುವ ಹಟ ಅವನಿಗೆ. ಚಾಸ್ಲಾವ್ ಅನ್ನುವ ಊರಿನ ಶಾಲೆಗೆ ಹೋಗಿ ನೋಡುತ್ತಾನೆ. ಆರರಿಂದ ಹತ್ತು ಹನ್ನೊಂದು ವರ್ಷದ ಮಕ್ಕಳು, ಗಂಡು ಹೆಣ್ಣು ಇಬ್ಬರೂ, ಓದುತ್ತಿದ್ದಾರೆ, ಬರೆಯುತ್ತಿದ್ದಾರೆ, ಪಿಟೀಲು, ಊದುವ ವಾದ್ಯಗಳಾದ ಓಬೋ, ಬಸೂನ್ ನುಡಿಸುತ್ತಿದ್ದಾರೆ. ಎಲ್ಲ ಒಂದೇ ಶಾಲೆಯಲ್ಲಿ. ಗದ್ದಲ ಎಷ್ಟಿರಬೇಡ! ಅದೇ ನನಗೆ ಖುಷಿ. ಆ ಶಾಲೆಯ ಮೇಷ್ಟ್ರನ್ನು ಕಾಂತೊರ್ ಅನ್ನುತ್ತಾರೆ. ಅಕ್ಷರ ಕಲಿಸುವವನೂ ಅವನೇ, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುವವನೂ ಅವನೇ. ಅವನಿಗೆ ಹಾಡುವವರು, ನುಡಿಸುವವರು ಬೇಕು. ಹೊರಗಿನಿಂದ ಕರೆಸಲು ಊರಿನಲ್ಲಿ ದುಡ್ಡಿಲ್ಲ. ತನ್ನ ಶಾಲೆಯ ಮಕ್ಕಳನ್ನೇ ತಯಾರು ಮಾಡುತ್ತಾನೆ. ಜಮೀನ್ದಾರರೂ ಆಳು ಬೇಕಾದಾಗ ವಾದ್ಯ ನುಡಿಸಲು ಬರುವ ಹುಡುಗನನ್ನೇ ಆರಿಸುತ್ತಿದ್ದರು. ಬೆಳಿಗ್ಗೆ ಮನೆಗೆಲಸ, ಸಂಜೆ ಬಂಗಲೆಯ ಬ್ಯಾಂಡಿನಲ್ಲಿ ವಾದನ. ಹಾಗಾಗಿ ಬಡವನ ಮಗನಿಗೆ ಪಿಟೀಲು ಅಂದರೆ ಒಂದು ಹೊತ್ತಿನ ಊಟಕ್ಕೆ ದಾರಿ.

ಈ ಶಾಲೆಗಳಿಂದ ಹೊರಟವರು ಯುರೋಪನ್ನು ತುಂಬಿದರು. ಸ್ತಮಿತ್ಸ್ ಮಾನ್‌ಹೈಮ್‌ಗೆ ಹೋಗಿ ಅಲ್ಲಿನ ಆರ್ಕೆಸ್ಟ್ರಾವನ್ನು ಕಟ್ಟಿದರು. ಮಿಸ್ಲಿವೆಚೆಕ್ ಇಟಲಿಯಲ್ಲಿ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಬರೆದರು. ರೇಖಾ ಪ್ಯಾರಿಸ್‌ನಲ್ಲಿ ಪಾಠ ಹೇಳಿ ಬೆರ್ಲಿಯೋಜ್, ಲಿಸ್ಟ್ ಅಂಥವರಿಗೆ ಗುರುವಾದರು. ಊರಲ್ಲೇ ಉಳಿದವರೂ ಇದ್ದರು. ರೊಝ್ಮಿತಾಲ್‌ನ ಶಾಲಾ ಮೇಷ್ಟ್ರು ಯಾಕುಬ್ ಯಾನ್ ರಿಬಾ 1796ರಲ್ಲಿ ಬರೆದ ಕ್ರಿಸ್ಮಸ್ ಮಾಸ್ ಕೇಳಿ. ಕುರಿಗಾಹಿ ಹುಡುಗ ತನ್ನ ಯಜಮಾನನನ್ನು ‘ಹೇ, ಮೇಷ್ಟ್ರೇ, ಎದ್ದೇಳಿ’ ಅಂತ ಎಬ್ಬಿಸುವುದರಿಂದ ಶುರು. ಆಕಾಶದಲ್ಲಿ ಬೆಳಕು, ಕಾಡಿನಲ್ಲಿ ವಾದ್ಯದ ಸದ್ದು, ಊರವರೆಲ್ಲ ಎದ್ದು ಬಾಲ ಏಸುವನ್ನು ನೋಡಲು ಹೊರಡುತ್ತಾರೆ. ಎಲ್ಲ ಚೆಕ್ ಮಾತಿನಲ್ಲಿ, ಹಳ್ಳಿಯವರ ಮಾತಿನಲ್ಲಿ. ಒಬ್ಬ ಶಾಲಾ ಮೇಷ್ಟ್ರು ತನ್ನ ಊರಿನ ಮಕ್ಕಳ ಗಂಟಲನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದದ್ದು ಅಂತ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳಲ್ಲಿ ಇವತ್ತು ಸಂಗೀತದ ಮೇಷ್ಟ್ರೇ ಇಲ್ಲ. ನನ್ನ ಹತ್ತಿರ ಬರುವ ಮಕ್ಕಳು ಫೀಸು ಕಟ್ಟಬಲ್ಲ ಮನೆಯವರು. ಬರಲಾಗದ ಮಕ್ಕಳ ಲೆಕ್ಕ ಯಾರ ಹತ್ತಿರವೂ ಇಲ್ಲ. ಚಾಸ್ಲಾವ್ ಶಾಲೆಯ ವಿಷಯ ಕೇಳುವಾಗ ನನಗೆ ಅದೇ ತಲೆಯಲ್ಲಿತ್ತು.

ಆವತ್ತು ಕಾಫಿ ಹೊತ್ತಿನಲ್ಲಿ ಮೇಷ್ಟ್ರು ಒಂದು ಹಳೇ ಪಿಟೀಲು ತಂದು ನನ್ನ ಕೈಗೆ ಕೊಟ್ಟರು. ‘ಒಳಗೆ ನೋಡಿ ಮೇಡಂ’ ಅಂದರು. ಎದೆ ಹಲಗೆಯ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹಳದಿಯಾದ ಒಂದು ಚೀಟಿ. ಸ್ಟ್ರಾಡಿವೇರಿಯಸ್ ಮಾದರಿ ಅಂತ ಇದೆ, ಕೆಳಗೆ ಮೇಡ್ ಇನ್ ಚೆಕೊಸ್ಲೊವಾಕಿಯಾ. ಇಂಥ ಪಿಟೀಲುಗಳು ಬರುತ್ತಿದ್ದದ್ದು ಲುಬಿ ಅನ್ನುವ ಸಣ್ಣ ಊರಿನ ಕಡೆಯಿಂದ. ಜರ್ಮನ್ ಮಾತಿನವರು ಅದನ್ನು ಶೋನ್‌ಬಾಖ್ ಅನ್ನುತ್ತಿದ್ದರು. ಅಲ್ಲಿ ಮನೆ ಮನೆಯಲ್ಲೂ ಕೆಲಸ. ಒಂದು ಮನೆಯವರು ಹಿಂದಿನ ಹಲಗೆ ಕೆತ್ತುತ್ತಾರೆ, ಇನ್ನೊಂದು ಮನೆಯವರು ಸುರುಳಿ ಕೆತ್ತುತ್ತಾರೆ, ಮತ್ತೊಬ್ಬರು ಜೋಡಿಸುತ್ತಾರೆ. ಕಡಿಮೆ ಬೆಲೆಗೆ ಪ್ರಪಂಚಕ್ಕೆಲ್ಲ ಹೋಗುತ್ತಿತ್ತು. 1945ರ ನಂತರ ಜರ್ಮನ್ ಮಾತಿನವರನ್ನು ಅಲ್ಲಿಂದ ಹೊರಹಾಕಿದರು. ತುಂಬ ಜನ ಕೆಲಸಗಾರರು ಬವೇರಿಯಾದ ಬೂಬೆನ್‌ರೊಯ್ತ್‌ಗೆ ಹೋಗಿ ಮತ್ತೆ ಅದೇ ಕೆಲಸ ಶುರು ಮಾಡಿದರು. ನಾನು ತಂತಿಗಳನ್ನು ನಮ್ಮ ಶ್ರುತಿಗೆ ಇಳಿಸಿ ಒಂದು ಮೋಹನ ನುಡಿಸಿದೆ. ಕೆಳಗಿನ ತಂತಿಯ ನಾದ ಚೆನ್ನಾಗಿ ತುಂಬಿಕೊಂಡಿತ್ತು, ಮೇಲಿನದು ಸ್ವಲ್ಪ ಚೂಪು.

ನಾಲ್ಕನೇ ವಾರದಲ್ಲಿ ಮೊಜಾರ್ಟ್ ಬಂದು ಹೋದರು. ‘ಡಾನ್ ಜೊವಾನಿ’ ಒಪೆರಾ ಮೊದಲು ಆಡಿದ್ದು ಪ್ರಾಗ್‌ನಲ್ಲಿ, 1787ರ ಅಕ್ಟೋಬರ್ 29ರಂದು. ಆ ರಂಗಮಂದಿರ ಈಗಲೂ ಇದೆ. ಅದಕ್ಕಿಂತ ನನಗೆ ಹಿಡಿಸಿದ್ದು ರಾಷ್ಟ್ರೀಯ ರಂಗಮಂದಿರದ ಕತೆ. ಚೆಕ್ ಮಾತಿನಲ್ಲಿ ನಾಟಕ, ಒಪೆರಾ ಆಡಲು ಒಂದು ದೊಡ್ಡ ಜಾಗ ಬೇಕು ಅಂತ ಜನ ಚಂದಾ ಎತ್ತಿದರು. 1868ರಲ್ಲಿ ಅಡಿಗಲ್ಲು. 1881ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ಆಗಸ್ಟ್‌ನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಜನ ಮತ್ತೆ ದುಡ್ಡು ಕೂಡಿಸಿದರು. 1883ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಎರಡು ಸಲವೂ ಆಡಿದ್ದು ಚೆಕ್ ಸಂಗೀತಗಾರ ಸ್ಮೆತನಾ ಅವರ ಒಪೆರಾ ‘ಲಿಬುಶೆ’.

ಸ್ಮೆತನಾ ಅವರಿಗೆ ಎರಡು ಭಾನುವಾರ ಕೊಟ್ಟರು. ನನ್ನ ಲೆಕ್ಕದಲ್ಲಿ ಒಂದು ಸಾಕಿತ್ತು. ‘ಮಾ ವ್ಲಾಸ್ತ್’, ಅಂದರೆ ನನ್ನ ನಾಡು, ಆರು ಭಾಗಗಳ ದೊಡ್ಡ ಕೃತಿ, ಪೂರ್ತಿ ಕೇಳಲು ಒಂದು ಗಂಟೆಗೂ ಜಾಸ್ತಿ ಬೇಕು. ಅದನ್ನು ತುಂಡು ಮಾಡದೆ ಕೇಳಿಸಿದ್ದು ಸರಿಯೇ. ಎರಡನೇ ಭಾಗ ವ್ಲತಾವಾ ನದಿಯದ್ದು. ಎರಡು ಕೊಳಲು ಎರಡು ತೊರೆಯ ಹಾಗೆ ಶುರುವಾಗಿ, ಸೇರಿ, ನದಿಯಾಗಿ, ಬೇಟೆಗಾರರ ಕಹಳೆ, ಹಳ್ಳಿ ಮದುವೆಯ ಕುಣಿತ, ಬೆಳದಿಂಗಳು, ಬಂಡೆಗಳ ಅಬ್ಬರ ಎಲ್ಲ ದಾಟಿ ಪ್ರಾಗ್ ಸೇರುತ್ತದೆ. ಅದು ಎಲ್ಲರಿಗೂ ಇಷ್ಟವಾಗುತ್ತದೆ, ಆಗಲೇಬೇಕು. ಆದರೆ ಐದನೇ ಭಾಗ ‘ತಾಬೊರ್’ ಶುರುವಾದಾಗ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ತಲೆ ಎತ್ತಿದರು. ಒಂದೇ ಸ್ವರವನ್ನು ಗುದ್ದಿ ಗುದ್ದಿ ನುಡಿಸುತ್ತಾರೆ. ಮೊದಲ ವಾರದ ದೇವರ ಸೈನಿಕರ ಹಾಡು! ಮೇಷ್ಟ್ರು ಒಂದು ಮಾತೂ ಹೇಳಿರಲಿಲ್ಲ. ನಾವೇ ಗುರುತು ಹಿಡಿದೆವು. ಒಂದು ಹಾಡನ್ನು ಚೆನ್ನಾಗಿ ಕಿವಿಗೆ ಹಾಕಿ, ವಾರಗಟ್ಟಲೆ ಬಿಟ್ಟು, ಮತ್ತೆ ಎದುರು ತರುವುದು. ಪಾಠ ಅಂದ್ರೆ ಹೀಗಿರಬೇಕು.

ಇದನ್ನೆಲ್ಲ ಬರೆಯುವಾಗ ಸ್ಮೆತನಾ ಅವರಿಗೆ ಕಿವಿ ಕೇಳುತ್ತಿರಲಿಲ್ಲ. 1874ರ ಶರತ್ಕಾಲದಲ್ಲಿ ಪೂರ್ತಿ ಕಿವುಡಾದರು. ಆ ವರ್ಷದ ಕೊನೆಗೇ ವ್ಲತಾವಾ ಮುಗಿಸಿದರು. 1876ರಲ್ಲಿ ನಾಲ್ಕು ವಾದ್ಯಗಳಿಗೆ ‘ನನ್ನ ಬದುಕಿನಿಂದ’ ಅನ್ನುವ ಕೃತಿ ಬರೆದರು. ಅದರ ಕೊನೆಯ ಭಾಗ ಸಂತೋಷದ ಓಟ. ಓಡುತ್ತಾ ಓಡುತ್ತಾ ಫಕ್ಕನೆ ನಿಲ್ಲುತ್ತದೆ. ಕೆಳಗೆ ಮೂರು ವಾದ್ಯ ನಡುಗುತ್ತವೆ, ಮೇಲೆ ಮೊದಲ ಪಿಟೀಲು ಒಂದೇ ಒಂದು ತಾರದ ಸ್ವರವನ್ನು ಎಳೆದು ಹಿಡಿಯುತ್ತದೆ. ಕಿವಿ ಹೋಗುವ ಮೊದಲು ತಲೆಯೊಳಗೆ ಸಿಳ್ಳೆಯ ಹಾಗೆ ಕೇಳುತ್ತಿದ್ದ ಸದ್ದು ಅದು. ಪಿಟೀಲು ನುಡಿಸುವವರಿಗೆ ಗೊತ್ತು, ಅಷ್ಟು ಮೇಲೆ ಕಮಾನನ್ನು ಒತ್ತಿದರೆ ಕೀಚುತ್ತದೆ, ಒತ್ತದಿದ್ದರೆ ಒಡೆಯುತ್ತದೆ. ನುಡಿಸಿದವರು ಅದನ್ನು ಸ್ವಲ್ಪವೂ ಇಂಪು ಮಾಡದೆ ಹಿಡಿದಿದ್ದರು. ಮೇಷ್ಟ್ರು ಸೂಜಿ ಎತ್ತಿ ಆ ಜಾಗವನ್ನು ಮತ್ತೊಮ್ಮೆ ಹಾಕಿದರು. ನನ್ನ ಪಕ್ಕದಲ್ಲಿದ್ದ ಡಾಕ್ಟರಮ್ಮ ಕಿವಿಯೊಳಗಿನ ಸದ್ದಿನ ಬಗ್ಗೆ ರೋಗಿಗಳು ಹೇಳುವುದೂ ಥೇಟ್ ಹೀಗೇ ಅಂದರು.

ದ್ವೊರ್ಝಾಕ್ ಅವರ ವಾರದಲ್ಲಿ ಕರ್ನಾಟಕ ಸಂಗೀತದವರಿಗೆ ಹಬ್ಬ. 1841ರಲ್ಲಿ ನೆಲಹೊಝೆವೆಸ್ ಹಳ್ಳಿಯಲ್ಲಿ ಕಸಾಯಿ ಅಂಗಡಿಯವರ ಮಗನಾಗಿ ಹುಟ್ಟಿದವರು. ಹಳ್ಳಿ ಮೇಷ್ಟ್ರ ಕೈಯಲ್ಲೇ ಕಲಿತವರು. 1878ರ ಅವರ ಸ್ಲಾವೊನಿಕ್ ಕುಣಿತಗಳಲ್ಲಿ ಎಂಟನೆಯದು ಫೂರಿಯಂತ್. ಇದು ಬೊಹೆಮಿಯಾದ ಹಳ್ಳಿ ಕುಣಿತ. ಮೇಷ್ಟ್ರು ಕೈಯಲ್ಲಿ ತಾಳ ಹಾಕಿ ಅಂದರು. ಮೂರರ ನಡೆ ಅಂತ ಬರೆದಿದೆ, ಆದರೆ ಕೈ ನಿಲ್ಲುವುದೇ ಇಲ್ಲ. ಎರಡನೇ ಸಲ ಕೇಳಿದಾಗ ಸಿಕ್ಕಿತು. ತಕ ತಕ ತಕ, ತಕಿಟ ತಕಿಟ. ಮೂರು ಎರಡು, ಎರಡು ಮೂರು, ಒಟ್ಟು ಹನ್ನೆರಡು. ಮೃದಂಗ ಕಲಿಯುತ್ತಿದ್ದ ಹುಡುಗ ಒಬ್ಬ ಇದ್ದ, ತೊಡೆ ಮೇಲೆ ಬಾರಿಸಿ ತೋರಿಸಿಯೇಬಿಟ್ಟ. ಇಡೀ ತರಗತಿ ಹೇಳಿಕೊಂಡು ಕೇಳಿತು. ನೀವೂ ಹೀಗೆ ಸೊಲ್ಲು ಹೇಳಿಕೊಂಡೇ ಆ ತುಣುಕು ಕೇಳಿ, ಪಾಶ್ಚಾತ್ಯ ಸಂಗೀತದಲ್ಲಿ ಲಯ ಸಪ್ಪೆ ಅನ್ನುವ ಮಾತು ಮತ್ತೆ ಬಾಯಿಗೆ ಬರುವುದಿಲ್ಲ. 1892ರಲ್ಲಿ ಅವರು ನ್ಯೂಯಾರ್ಕ್‌ಗೆ ಹೋದದ್ದು, 1893ರ ಡಿಸೆಂಬರ್‌ನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ‘ಹೊಸ ಪ್ರಪಂಚ’ ಸಿಂಫನಿ ಮೊದಲು ಕೇಳಿದ್ದು, ಹ್ಯಾರಿ ಬರ್ಲಿ ಅನ್ನುವ ಕರಿಯ ವಿದ್ಯಾರ್ಥಿ ಅವರಿಗೆ ತನ್ನ ಜನರ ಹಾಡು ಹಾಡಿ ತೋರಿಸುತ್ತಿದ್ದದ್ದು, ಇವೆಲ್ಲ ನೋಟ್ಸಿನಲ್ಲಿ ಚೆನ್ನಾಗಿ ಬಂದಿವೆ.

ಯಾನಾಚೆಕ್ ಅವರ ಭಾನುವಾರಕ್ಕೆ ಮಾತ್ರ ಏನು ಕೊಟ್ಟರೂ ಕಡಿಮೆ. ಇವರು ಮೊರಾವಿಯಾದವರು, 1854ರಲ್ಲಿ ಹುಕ್ವಲ್ದಿಯಲ್ಲಿ ಶಾಲಾ ಮೇಷ್ಟ್ರ ಮನೆಯಲ್ಲಿ ಹುಟ್ಟಿದರು. ಹಳ್ಳಿ ಹಳ್ಳಿ ತಿರುಗಿ ಜನಪದ ಹಾಡು ಕೂಡಿಸಿದರು. ಆಮೇಲೆ ಹಾಡು ಮಾತ್ರ ಅಲ್ಲ, ಜನರ ಮಾತನ್ನೇ ಸ್ವರದಲ್ಲಿ ಬರೆದುಕೊಳ್ಳಲು ಶುರು ಮಾಡಿದರು. ಸಂತೆಯಲ್ಲಿ ಕೂಗುವವರು, ಸ್ಟೇಷನ್ನಿನಲ್ಲಿ ಮಾತಾಡುವವರು, ಕೋಳಿ, ನಾಯಿ, ಯಾವುದನ್ನೂ ಬಿಡಲಿಲ್ಲ. ಸಿಟ್ಟಿನಲ್ಲಿ ಸ್ವರ ಎಲ್ಲಿಗೆ ಏರುತ್ತದೆ, ಸುಳ್ಳು ಹೇಳುವಾಗ ಎಲ್ಲಿ ಜಾರುತ್ತದೆ, ಎಲ್ಲ ಪುಸ್ತಕದಲ್ಲಿ. 1903ರಲ್ಲಿ 20 ವರ್ಷದ ಮಗಳು ಓಲ್ಗಾ ಜ್ವರದಲ್ಲಿ ಸಾಯುವಾಗ ಅವಳ ಕೊನೆಯ ದಿನಗಳ ಮಾತನ್ನೂ ಬರೆದುಕೊಂಡರು. ಕೆಲವರಿಗೆ ಅದು ಕಲ್ಲು ಮನಸ್ಸು ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ. ಸಂಗೀತ ಬಿಟ್ಟು ಬೇರೆ ಕೈ ಇಲ್ಲದ ಅಪ್ಪ, ಇರುವ ಕೈಯಲ್ಲೇ ಮಗಳನ್ನು ಹಿಡಿದುಕೊಂಡರು.

ಆಗ ಮುಗಿಸಿದ ‘ಯೆನೂಫಾ’ ಒಪೆರಾ 1904ರ ಜನವರಿಯಲ್ಲಿ ಬರ್ನೊ ಊರಿನಲ್ಲಿ ಮೊದಲು ಆಡಿತು. ಪ್ರಾಗ್‌ನವರು ಹನ್ನೆರಡು ವರ್ಷ ಸೇರಿಸಲಿಲ್ಲ. 1916ರಲ್ಲಿ ಅಲ್ಲಿ ಗೆದ್ದಾಗ ಯಾನಾಚೆಕ್‌ಗೆ 61 ವರ್ಷ. ದೊಡ್ಡ ದೊಡ್ಡ ಕೃತಿಗಳೆಲ್ಲ ಆಮೇಲೆಯೇ ಬಂದವು. ‘ಸಿನ್‌ಫೊನಿಯೆತ್ತಾ’ 1926ರದ್ದು, ಕಹಳೆಗಳ ದೊಡ್ಡ ಸಾಲಿನಿಂದ ಶುರುವಾಗುತ್ತದೆ. ತರಗತಿಯಲ್ಲಿ ‘ಯೆನೂಫಾ’ದ ಎರಡನೇ ಅಂಕ ನೋಡಿದೆವು. ಮದುವೆಯಿಲ್ಲದೆ ಹುಟ್ಟಿದ ಕೂಸನ್ನು ಮಲತಾಯಿ ಮಾನಕ್ಕೆ ಹೆದರಿ ಹೊಳೆಯ ಮಂಜುಗಡ್ಡೆಯ ಕೆಳಗೆ ಹಾಕಿ ಬರುತ್ತಾಳೆ. ಅವಳು ಕೆಟ್ಟವಳಲ್ಲ, ಅದೇ ಕಷ್ಟ. ಹಾಡು ಅನ್ನಲು ಆಗುವುದಿಲ್ಲ. ಒಬ್ಬ ಹೆಂಗಸು ತನ್ನೊಳಗೇ ಮಾತಾಡಿಕೊಳ್ಳುತ್ತಿದ್ದಾಳೆ, ಆರ್ಕೆಸ್ಟ್ರಾ ಆ ಮಾತನ್ನು ಹಿಡಿದು ಬಿಡುತ್ತಿಲ್ಲ. ಪರದೆಯಲ್ಲಿ ಅಡಿಬರಹ ಇಂಗ್ಲಿಷಿನದು, ಅಮ್ಮ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದರು. ಒಂದು ಜಾಗದಲ್ಲಿ ಅವರೂ ಸುಮ್ಮನಾದರು.

ಆ ವಾರದ ಹೋಂವರ್ಕ್ ನನ್ನ ಪಾಲಿಗೆ ಇಡೀ ಕೋರ್ಸಿನಲ್ಲೇ ಒಳ್ಳೆಯದು. ಬೀದಿಯಲ್ಲಿ ಕೇಳಿದ ಒಂದು ಕೂಗನ್ನು ಸರಿಗಮದಲ್ಲಿ ಬರೆದು ತನ್ನಿ ಅಂದರು. ನಾನು ಬಸ್‌ ಸ್ಟ್ಯಾಂಡಿನಲ್ಲಿ ನಿಂತು ‘ಮಂಡ್ಯ ಮದ್ದೂರ್, ಮಂಡ್ಯ ಮದ್ದೂರ್’ ಕೂಗನ್ನು ಹಿಡಿದೆ. ಮಂಡ್ಯ ಅನ್ನುವಾಗ ಪಂಚಮದಲ್ಲಿ ನಿಂತಿದ್ದ ಸ್ವರ ಮದ್ದೂರ್ ಅನ್ನುವಾಗ ಗಾಂಧಾರಕ್ಕೆ ಬಿದ್ದು ಅಲ್ಲೇ ಎಳೆಯುತ್ತದೆ. ಬಸ್ಸು ಹೊರಡುವ ಹೊತ್ತಿಗೆ ಎರಡೂ ಮೇಲೆ ಹೋಗುತ್ತವೆ. ಸೊಪ್ಪಿನವಳ ಕೂಗು ತಂದವರಿದ್ದರು, ಮನೆಯಲ್ಲಿ ಅಜ್ಜಿ ಬೈಯುವುದನ್ನು ತಂದವರಿದ್ದರು. ಒಬ್ಬೊಬ್ಬರದ್ದನ್ನೂ ಮೇಷ್ಟ್ರು ಹಾರ್ಮೋನಿಯಂನಲ್ಲಿ ನುಡಿಸಿದರು. ಈಗ ನನ್ನ ಮಕ್ಕಳಿಗೂ ಅದನ್ನೇ ಕೊಡುತ್ತಿದ್ದೇನೆ. ಸ್ವರಜ್ಞಾನಕ್ಕೆ ಇದಕ್ಕಿಂತ ಒಳ್ಳೆ ಅಭ್ಯಾಸ ನಾನು ಕಂಡಿಲ್ಲ.

ಇನ್ನು ಕೊರತೆ. ಕೊನೆಯ ಭಾನುವಾರಕ್ಕೆ ಇಪ್ಪತ್ತನೇ ಶತಮಾನದಲ್ಲಿ ಉಳಿದದ್ದೆಲ್ಲವನ್ನೂ ತುರುಕಿದ್ದಾರೆ. ಮಾರ್ತಿನೂ ಅವರು 1890ರಲ್ಲಿ ಪೊಲಿಚ್ಕಾ ಊರಿನ ಚರ್ಚಿನ ಗೋಪುರದ ತುದಿಯಲ್ಲಿ ಹುಟ್ಟಿದವರು. ಅಪ್ಪ ಬೆಂಕಿ ಕಾಯುವ ಕಾವಲುಗಾರ, ಮನೆಗೆ 193 ಮೆಟ್ಟಿಲು. 1942ರಲ್ಲಿ ನಾಜಿಗಳು ನೆಲಸಮ ಮಾಡಿದ ಲಿದಿತ್ಸೆ ಹಳ್ಳಿಗಾಗಿ ಮರುವರ್ಷ ಅಮೆರಿಕದಲ್ಲಿ ಕೂತು ಬರೆದ ಕೃತಿ ಕೇಳಿದೆವು. ಅಷ್ಟೇ. ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಶಿಬಿರದ ವಿಷಯ ಬಂದಾಗಲೂ ಗಡಿಯಾರ ನೋಡಬೇಕಾಯಿತು. ಪಾವೆಲ್ ಹಾಸ್, ಯಾನಾಚೆಕ್ ಅವರ ಶಿಷ್ಯ, ಆ ಶಿಬಿರದೊಳಗೆ ತಂತಿವಾದ್ಯಗಳಿಗೆ ಒಂದು ಕೃತಿ ಬರೆದರು. ಕೈದಿಗಳ ಆರ್ಕೆಸ್ಟ್ರಾವನ್ನು ನಡೆಸಿದ್ದು ಕರೆಲ್ ಆಂಚೆರ್ಲ್, ಅವರೂ ಕೈದಿ. ಹಾನ್ಸ್ ಕ್ರಾಸಾ ಅವರ ಮಕ್ಕಳ ಒಪೆರಾ ‘ಬ್ರುಂದಿಬಾರ್’ ಅಲ್ಲಿ 55 ಸಲ ಆಡಿತು. ಹಾಡಿದ ಮಕ್ಕಳಲ್ಲಿ ಸುಮಾರು ಎಲ್ಲರನ್ನೂ ಕೊಂದರು. 1944ರ ಅಕ್ಟೋಬರ್‌ನಲ್ಲಿ ಹಾಸ್, ಕ್ರಾಸಾ ಅವರನ್ನು ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಆಂಚೆರ್ಲ್ ಬದುಕಿ ಬಂದರು, ಹೆಂಡತಿ ಮಗು ಬರಲಿಲ್ಲ. ಯುದ್ಧದ ನಂತರ ಹಾಸ್ ಅವರ ಆ ಕೃತಿಯ ಹಾಳೆಗಳನ್ನು ಹುಡುಕಿ ತೆಗೆದದ್ದು ಅವರೇ. ಮುಂದೆ ಅವರು ಚೆಕ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾವನ್ನು 1950ರಿಂದ 1968ರವರೆಗೆ ನಡೆಸಿದರು. ನಾವು ವಾರಗಟ್ಟಲೆ ಕೇಳಿದ ಸುಪ್ರಾಫೋನ್ ರೆಕಾರ್ಡುಗಳಲ್ಲಿ ಎಷ್ಟೋ ಅವರದೇ. ಈ ಮಾತನ್ನು ಕೊನೆಯ ದಿನ ಹತ್ತು ನಿಮಿಷದಲ್ಲಿ ಹೇಳುವುದಾ? ಸ್ಮೆತನಾ ಅವರ ಎರಡನೇ ಭಾನುವಾರವನ್ನು ಇದಕ್ಕೆ ಕೊಡಿ ಅಂತ ನಾನು ನೇರವಾಗಿ ಹೇಳಿದೆ. ‘ಹೌದು ಮೇಡಂ, ಕೊಡಬೇಕು’ ಅಂತ ಮೇಷ್ಟ್ರು ಬರೆದುಕೊಂಡರು.

ಕರೆಲ್ ಹುಸಾ ಅವರ ‘ಪ್ರಾಗ್ 1968ಕ್ಕಾಗಿ ಸಂಗೀತ’ ಕೇಳಿಸಿದ್ದು ಮಾತ್ರ ಸರಿಯಾದ ಜಾಗದಲ್ಲಿ. ಆ ವರ್ಷ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಅಮೆರಿಕದಲ್ಲಿದ್ದ ಹುಸಾ ಇದನ್ನು ಬರೆದರು. ಪಿಟೀಲು ಒಂದೂ ಇಲ್ಲ, ಊದುವ ವಾದ್ಯ, ಬಡಿಯುವ ವಾದ್ಯ ಮಾತ್ರ. ಅದರಲ್ಲೂ ಅದೇ ದೇವರ ಸೈನಿಕರ ಹಾಡು, ಮೊದಲು ತುಂಡು ತುಂಡಾಗಿ, ಕೊನೆಗೆ ಎಲ್ಲರೂ ಒಟ್ಟಿಗೆ.

ನೋಟ್ಸಿಗೆ ಒಂದು ನಕಾಶೆ ಸೇರಿಸಬೇಕು. ಬೊಹೆಮಿಯಾ ಎಲ್ಲಿ, ಮೊರಾವಿಯಾ ಎಲ್ಲಿ ಅಂತ ಕೊನೆಯವರೆಗೂ ಕೆಲವರಿಗೆ ಗೊಂದಲ ಇತ್ತು. ಮೊರಾವಿಯಾದ ಹಳ್ಳಿ ಬ್ಯಾಂಡುಗಳಲ್ಲಿ ಸಂತೂರಿನ ಬಳಗದ ಸಿಂಬಾಲೊಮ್ ನುಡಿಸುತ್ತಾರೆ, ಅದರ ಒಂದು ತುಣುಕೂ ಕೇಳಿಸಲಿಲ್ಲ. ಬ್ಯಾಂಡ್ ಸಂಗೀತವನ್ನೂ ಬಿಟ್ಟರು. ಪೋಲ್ಕಾ ಕುಣಿತ ಹುಟ್ಟಿದ್ದು 1830ರ ದಶಕದ ಬೊಹೆಮಿಯಾದಲ್ಲಿ. ಸರ್ಕಸ್ಸಿನಲ್ಲಿ ಎಲ್ಲರೂ ಕೇಳಿರುವ ಆ ನಡಿಗೆಯ ಸಂಗೀತ, 1897ರ ‘ಗ್ಲಾಡಿಯೇಟರ್‌ಗಳ ಪ್ರವೇಶ’, ದ್ವೊರ್ಝಾಕ್ ಅವರ ಶಿಷ್ಯ, ಮಿಲಿಟರಿ ಬ್ಯಾಂಡ್ ಮಾಸ್ಟರ್ ಯೂಲಿಯುಸ್ ಫೂಚಿಕ್ ಅವರದು. ಮೈಸೂರಿನಲ್ಲಿ ಇದನ್ನು ಬಿಡಬಾರದು. ದಸರಾದಲ್ಲಿ ಪೊಲೀಸ್ ಬ್ಯಾಂಡು ಅರಮನೆ ಮುಂದೆ ಪಾಶ್ಚಾತ್ಯ ಸಂಗೀತ ನುಡಿಸುವ ಊರು ಇದು. ರಷ್ಯಾದ ಮೆಟ್ನರ್ ಅವರ ಸಂಗೀತ ರೆಕಾರ್ಡಾಗಲಿ ಅಂತ 1940ರ ದಶಕದ ಕೊನೆಯಲ್ಲಿ ಲಂಡನ್ನಿಗೆ ದುಡ್ಡು ಕಳಿಸಿದ ಜಯಚಾಮರಾಜೇಂದ್ರ ಒಡೆಯರ ಊರು. ಮುಂದಿನ ಬ್ಯಾಚಿನಲ್ಲಿ ಒಂದು ಬೆಳಿಗ್ಗೆ ಬ್ಯಾಂಡಿನಲ್ಲಿ ನುಡಿಸಿ ನಿವೃತ್ತರಾದ ಯಾರನ್ನಾದರೂ ಕರೆಸಿ, ಕ್ಲಾರಿನೆಟ್ ತರಲು ಹೇಳಿ ಅಂತ ಕೇಳಿದ್ದೇನೆ. ಚೆಕ್ ಬ್ಯಾಚು ಮತ್ತೆ ದಸರಾ ಮುಗಿದ ಮೇಲೆ ಶುರುವಾಗುತ್ತದಂತೆ. ಇಪ್ಪತ್ತೇ ಜನಕ್ಕೆ ಜಾಗ, ಬೇಗ ಹೆಸರು ಕೊಡಿ. ಸ್ಪೀಕರ್‌ಗಳ ಎದುರಿನ ಎರಡನೇ ಸಾಲಿನಲ್ಲಿ ಕೂತರೆ ಎಲ್ಲಕ್ಕಿಂತ ಚೆನ್ನಾಗಿ ಕೇಳುತ್ತದೆ.